ತುಳಸಿಕಟ್ಟೆಯಿಂದ ಬಚ್ಚಲಿಗೆ ಹೋದ ತಂತಿ

ರೇಡಿಯೋ ಎಂದರೆ ನನಗೆ ಈಗಲೂ ಸ್ವಲ್ಪ ಹೇಸಿಗೆಯೇ. ಹಾಡಿನ ಮೇಲಲ್ಲ, ಆ ಪೆಟ್ಟಿಗೆಯ ಮೇಲೆ. ಅದಕ್ಕಿಂತ ಹೆಚ್ಚು, ಅದನ್ನು ಸರಿ ಮಾಡುತ್ತೇವೆಂದು ಸುತ್ತ ಕೂತ ಗಂಡಸರ ಮೇಲೆ.

ಎಪ್ಪತ್ತರ ದಶಕದ ಮಾತು. ನಾವಾಗ ಹೊಸನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಅಲ್ಲಿ ಮೇಷ್ಟ್ರು. ನನ್ನ ತವರು ತೀರ್ಥಹಳ್ಳಿ. ರೇಡಿಯೋದವರು ಅಲ್ಲಿಗೆ ಬಂದು ವಯಸ್ಸಾದ ಹೆಂಗಸರ ಹಾಡುಗಳನ್ನು ಮುದ್ರಿಸಿಕೊಂಡು ಹೋಗಿದ್ದರು. ಅದರಲ್ಲಿ ನನ್ನ ಅಮ್ಮನ ಆರತಿ ಹಾಡೂ ಒಂದು. ಅದು ಪ್ರಸಾರವಾಗುವ ಮೊದಲೇ ಅಮ್ಮ ಹೋಗಿಬಿಟ್ಟಳು. ಮರುವರ್ಷದ ಬೇಸಿಗೆಯಲ್ಲಿ ತಂಗಿ ಹೇಳಿಕಳಿಸಿದಳು: ಬರುವ ಭಾನುವಾರ ಮಧ್ಯಾಹ್ನ ಅಮ್ಮನ ಹಾಡು ಬರುತ್ತದೆ, ಒಂದೇ ಸಲ. ಅಮ್ಮನ ಧ್ವನಿ ಬೇರೆಲ್ಲೂ ಉಳಿದಿರಲಿಲ್ಲ.

ತೀರ್ಥಹಳ್ಳಿಗೇ ಹೋಗಿ ಎಲ್ಲರ ಜೊತೆ ಕೂತು ಕೇಳೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ಕವಲೇದುರ್ಗದ ಕಡೆ ನಮ್ಮವರ ದಾಯಾದಿ ಅಜ್ಜ ಒಬ್ಬರು ತೀರಿಕೊಂಡರು. ಸೂತಕ. ಸೂತಕ ಹೊತ್ತುಕೊಂಡು ಯಾರ ಮನೆಗೂ ಹೋಗುವ ಹಾಗಿಲ್ಲ. ಆ ಸಾವಿಗೆ ಹೋಗಿ ಸಾಗರಕ್ಕೆ ಹಿಂದಿರುಗುತ್ತಿದ್ದ ನನ್ನ ಭಾವ, ಅಂದರೆ ನಮ್ಮವರ ಅಣ್ಣ, ಅವರಿಗೂ ಅದೇ ಸೂತಕವೆಂದು ನಮ್ಮಲ್ಲೇ ಬೀಡುಬಿಟ್ಟರು. ಅವರ ಬಾಯಲ್ಲಿ ಸದಾ ಎಲೆ, ಅಡಿಕೆ, ಹೊಗೆಸೊಪ್ಪಿನ ಕವಳ. ಉಗುಳಲು ಅಂಗಳದವರೆಗೂ ಹೋಗುವವರಲ್ಲ. ಕೂತಲ್ಲಿಂದಲೇ ಕಿಟಕಿಯ ಸರಳಿನ ನಡುವೆ ಪಿಚಕ್ ಎಂದು ಗುರಿಯಿಟ್ಟರೆ ಆಯಿತು. ಕಿಟಕಿಯ ಬುಡ ಮೂರೇ ದಿನದಲ್ಲಿ ಕೆಂಪಗೆ ಅಂಟಂಟಾಗಿ, ನೊಣ ಮುತ್ತಿಕೊಂಡಿತ್ತು.

ನಮ್ಮ ರೇಡಿಯೋ ಆ ವಾರವೇ ಕೈಕೊಟ್ಟಿತು. ಬೆಳಿಗ್ಗೆ ಸ್ವಲ್ಪ ಮಾತಾಡುತ್ತಿತ್ತು, ಬಿಸಿಲೇರುತ್ತಿದ್ದಂತೆ ಒಗ್ಗರಣೆಯ ಹಾಗೆ ಚಟಪಟ, ಆಮೇಲೆ ಬರೀ ಗೊರಗೊರ.

"ಅಣ್ಣಂಗೆ ರೇಡಿಯೋ ವಿಷ್ಯ ಗೊತ್ತಿದೆ," ಎಂದರು ನಮ್ಮವರು. ತಗೊಳ್ಳಿ, ಶುರುವಾಯಿತು.

ಭಾವ ಮೊದಲು ಪೆಟ್ಟಿಗೆಯ ನೆತ್ತಿಗೆ ಗುದ್ದಿದರು. ಮುಖವನ್ನು ಪೂರ್ವಕ್ಕೆ ತಿರುಗಿಸಿದರು, ಪಶ್ಚಿಮಕ್ಕೆ ತಿರುಗಿಸಿದರು. ಮಾಡಿನ ಮೇಲಿನ ಏರಿಯಲ್ ತಂತಿಯನ್ನು ನಮ್ಮವರ ಕೈಲಿ ಬಿಚ್ಚಿಸಿ ಹಲಸಿನ ಮರಕ್ಕೆ ಕಟ್ಟಿಸಿದರು. ಗೊರಗೊರ ಹಾಗೇ ಇತ್ತು. ಕೊನೆಗೆ ಬೆನ್ನಿನ ಹಲಗೆ ಬಿಚ್ಚಿದರು. ದೇವರೇ! ಒಳಗೆ ಹಲ್ಲಿಯ ಮೊಟ್ಟೆ, ಜಿರಲೆ ಹಿಕ್ಕೆ, ಸುಟ್ಟು ಅಂಟಿಕೊಂಡ ಒಂದು ಇಡೀ ಜಿರಲೆ. ದಿನಾ ಬೆಳಿಗ್ಗೆ ಸುಪ್ರಭಾತ ಬರುತ್ತಿದ್ದದ್ದು ಈ ಗಲೀಜಿನೊಳಗಿಂದಲೇ! ಭಾವ ಬಗ್ಗಿ ಫೂ ಎಂದು ಊದಿದರು. ಧೂಳಿನ ಜೊತೆ ಕವಳದ ತುಂತುರೂ ಒಳಗೆ ಹೋಯಿತು. ಒರೆಸಲು ಕೈಗೆ ಸಿಕ್ಕಿದ್ದು ನನ್ನ ಒಲೆಯ ಮಸಿಬಟ್ಟೆ.

"ಈಗ ನೋಡು ಮಾರಾಯ್ತಿ, ಗಂಟೆ ಹೊಡ್ದಂಗೆ ಕೇಳ್ತದೆ!"

"ಎಂತದೂ ಕೇಳ್ತಾ ಇಲ್ಲ ಭಾವ."

"ನಿನ್ನ ಕಿವೀನೇ ಸರಿ ಇಲ್ಲ ಹಂಗಾದ್ರೆ."

ಭಾನುವಾರ ಬಂದೇಬಿಟ್ಟಿತು. ಊಟ ಮುಗಿದು ಎಂಜಲು ತೆಗೆಯುವ ಹೊತ್ತಿಗೂ ಅದೇ ಗೊರಗೊರ. ಕಣ್ಣಲ್ಲಿ ನೀರು ತುಂಬಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಾಗ ತುಳಸಿಗಿಡ ಬಾಡಿ ಜೋತುಬಿದ್ದದ್ದು ಕಂಡಿತು. ಸೂತಕದಲ್ಲಿ ತುಳಸಿ ಮುಟ್ಟುವಂತಿಲ್ಲ, ನೀರೆರೆಯುವಂತಿಲ್ಲ. ಪಕ್ಕದ ಮನೆಯವರಿಗೆ ಹೇಳೋಣವೆಂದರೆ ಅವರ ಮನೆಗೆ ಬೀಗ. ಕಟ್ಟೆಯ ಮಣ್ಣು ಬಿರುಕು ಬಿಟ್ಟಿತ್ತು. ಆ ಬಿರುಕಿನಿಂದ ಒಂದು ತಂತಿ ಎದ್ದು, ಕಿಟಕಿಯ ಬುಡದಲ್ಲಿ ಹಾದು, ಮನೆಯೊಳಗೆ ಹೋಗಿತ್ತು.

ಆಗ ನೆನಪಾಯಿತು. ರೇಡಿಯೋಕ್ಕೆ ಏರಿಯಲ್ ಅಲ್ಲದೆ ನೆಲದ ತಂತಿಯೂ ಒಂದುಂಟು. ಅದನ್ನು ಹೂತ ಜಾಗ ಒದ್ದೆ ಇರಬೇಕು. ನಾನು ದಿನಾ ತುಳಸಿಗೆ ನೀರು ಹಾಕುತ್ತೇನಲ್ಲ ಎಂದು ನಮ್ಮವರು ಅಲ್ಲೇ ಹೂತು ಮರೆತಿದ್ದರು. ಸೂತಕ ಬಂತು, ನೀರು ನಿಂತಿತು, ರೇಡಿಯೋ ಕೆಟ್ಟಿತು.

ಕೂಗಿ ಹೇಳಿದೆ. ಭಾವ ಕಿಟಕಿಯಿಂದಲೇ, "ಒಂದು ಕೊಡ ನೀರು ಹೊಯ್ದರೆ ಮುಗೀತಲ್ಲ! ತುಳಸಿಗೆ ಎಂತ ಗೊತ್ತಾಗ್ತದೆ ಸೂತಕ?" ಎಂದರು.

"ತುಳಸಿಗೆ ಗೊತ್ತಾಗದಿದ್ರೂ ನಂಗೆ ಗೊತ್ತಾಗ್ತದಲ್ಲ ಭಾವ."

ಕಟ್ಟೆ ಮುಟ್ಟದೆ, ದೂರದಿಂದಲೇ ತಂತಿ ಹಿಡಿದು ಎಳೆದೆ. ಒಣಮಣ್ಣು, ಸಲೀಸಾಗಿ ಬಂತು. ಬಂತು ಸರಿ, ಕಿಟಕಿಯ ಬುಡದಲ್ಲಿ ಬಿದ್ದಿದ್ದ ಭಾಗ ಕೈಗೆ ಬಂದಾಗ ಬೆರಳೆಲ್ಲ ಕೆಂಪು ಲೋಳೆ. ಒಣಮಣ್ಣಿಗೆ ಉಜ್ಜಿಕೊಂಡೆ. ನಮ್ಮ ಹಿತ್ತಿಲಲ್ಲಿ ಆ ಬೇಸಿಗೆಯಲ್ಲಿ ಒದ್ದೆ ಇದ್ದ ಜಾಗ ಇನ್ನೊಂದೇ, ಬಚ್ಚಲ ನೀರು ಹೋಗುವ ಚರಂಡಿ. ಕಪ್ಪು ಕೊಳಚೆ, ಮೇಲೆ ಹುಳ. ಸೆರಗಿನಿಂದ ಮೂಗು ಮುಚ್ಚಿಕೊಂಡು ತಂತಿಯ ತುದಿಯನ್ನು ಅದರೊಳಗೆ ಮೊಣಕೈವರೆಗೂ ಒತ್ತಿದೆ. ಹೇಗೂ ಸೂತಕ, ಮಡಿ ಕೆಡುವ ಚಿಂತೆ ಇಲ್ಲ. ಅದೊಂದು ಉಪಕಾರವೇ ಎಂದುಕೊಂಡೆ.

"ಬಂತು, ಬಂತು ಕಣೇ!" ಒಳಗಿಂದ ನಮ್ಮವರ ಕೂಗು.

ಓಡಿದೆ. ಹೊಸ್ತಿಲು ದಾಟುವಾಗಲೇ ಅಮ್ಮನ ಧ್ವನಿ. ಹಾಡಿನ ನಡುವೆ ಉಸಿರು ತೆಗೆದುಕೊಳ್ಳುವಾಗ ಮೂಗಿನಲ್ಲಿ ಬರುವ ಆ ಸಣ್ಣ ಸದ್ದೂ ಇತ್ತು. ಒಂದು ನುಡಿ ಮುಗಿಯಿತು. ಎರಡನೆಯದರಲ್ಲಿ ಧ್ವನಿ ಸಣ್ಣಗಾಗತೊಡಗಿತು. ಚರಂಡಿಯ ನೀರು ಇಂಗುತ್ತಿರಬೇಕು.

"ನೀರು!" ಎಂದೆ. ಅಣ್ಣತಮ್ಮಂದಿರು ಪರಸ್ಪರ ಮುಖ ನೋಡಿಕೊಂಡರು. ಅವರು ಏಳುವುದರೊಳಗೆ ಹಾಡೇ ಮುಗಿಯುತ್ತದೆಂದು ನಾನೇ ಮುಸುರೆ ನೀರಿನ ಬಕೆಟ್ಟು ಎತ್ತಿಕೊಂಡು ಹಿಂದಕ್ಕೆ ಓಡಿದೆ. ಸುರಿದೆ. ಒಳಗೆ ಅಮ್ಮನ ಧ್ವನಿ ಮತ್ತೆ ಏರಿತು. ನಿಲ್ಲಿಸಿದರೆ ಇಳಿಯುತ್ತದೇನೋ ಎಂಬ ಭಯ. ಅನ್ನದ ಅಗುಳು ತೇಲುವ ಆ ನೀರನ್ನು ಸ್ವಲ್ಪಸ್ವಲ್ಪವೇ ಚರಂಡಿಗೆ ಹೊಯ್ಯುತ್ತಾ, ಕಾಲಿಗೆ ಸಿಡಿದ ಕೊಳಚೆಯಲ್ಲೇ ನಿಂತು, ಕೊನೆಯ ನುಡಿಯವರೆಗೂ ಕೇಳಿದೆ.

ಕೈ ತೊಳೆದು ಒಳಗೆ ಬಂದಾಗ ಭಾವ ಹೊಸ ಕವಳ ಮಡಿಸುತ್ತಿದ್ದರು. "ಹಲಸಿನ ಮರಕ್ಕೆ ಕಟ್ಟಿಸಿದ್ದಕ್ಕೇ ಬಂತು ನೋಡು," ಎಂದರು.

ಇರಲಿ. ನೀರು ಖಾಲಿಯಾಗುವ ಮೊದಲು ಹಾಡು ಮುಗಿದಿತ್ತು.