ಬಾಲ್ಕನಿಯ ಚಾಲುಕ್ಯರು

ಲಾಕ್‌ಡೌನ್ ಆದಾಗ ನಾನು ಮಲೇಷ್ಯಾದ ಪೆಟಾಲಿಂಗ್ ಜಯಾದ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದೆ. ಕಾಲೇಜು ಮಕ್ಕಳಿಗೆ ಆನ್‌ಲೈನಿನಲ್ಲಿ, ಇಂಗ್ಲಿಷಿನಲ್ಲಿ ಭಾರತದ ಇತಿಹಾಸ ಕಲಿಸುತ್ತಿದ್ದೆ. ಯಾರೂ ಕ್ಯಾಮೆರಾ ಹಾಕುತ್ತಿರಲಿಲ್ಲ. ಕಪ್ಪು ಪರದೆಯ ಮುಂದೆ ಮಾತಾಡಿ ಮಾತಾಡಿ ನನ್ನ ದನಿ ನನಗೇ ಬೇಸರವಾಗಿತ್ತು.

ಒಂದು ಸಂಜೆ ಬಾಲ್ಕನಿಯಲ್ಲಿ ಕೂತು, ಇಮ್ಮಡಿ ಪುಲಕೇಶಿ ನರ್ಮದೆಯ ಬಳಿ ಹರ್ಷನನ್ನು ತಡೆದದ್ದನ್ನು ಹೇಳಿ ಪಾಠ ಮುಗಿಸಿದೆ. ಅಡ್ಡಗೋಡೆಯ ಆಚೆಯಿಂದ ಪಕ್ಕದ ಮನೆಯ ತಮಿಳು ಅಂಕಲ್ ದನಿ ಕೇಳಿಸಿತು.

"ಟೀಚರ್, ಆಮೇಲೆ ಪಲ್ಲವರು ಬಂದು ವಾತಾಪಿ ಹಿಡಿದರಲ್ಲ, ಅದನ್ನ ಹೇಳಲೇ ಇಲ್ಲ?"

"ಅದು ನಾಳೆಯ ಪಾಠ, ಅಂಕಲ್."

"ಮರೀಬೇಡಿ ಲಾ. ನಾನು ಕೇಳ್ತಾ ಇರ್ತೀನಿ," ಎಂದರು, ಇಲ್ಲಿನವರ ವಾಡಿಕೆಯ 'ಲಾ' ಸೇರಿಸಿ.

ಎಷ್ಟೋ ವಾರಗಳ ಮೇಲೆ, ಫೋನಿನಿಂದಲ್ಲದೆ ನೇರವಾಗಿ ನನ್ನ ಕಿವಿಗೆ ಬಿದ್ದ ಮಾತು ಅದು. ಮರುದಿನ ಬೇಕೆಂತಲೇ ವಾತಾಪಿಯ ಸೋಲನ್ನು ಬಿಟ್ಟು ಬಾದಾಮಿಯ ಗುಹೆಗಳ ಬಗ್ಗೆ ಪಾಠ ಮಾಡಿದೆ. ಅವರು ರೇಗಿದರು. ಅಂದಿನಿಂದ ದಿನವೂ ಸಂಜೆ ನಮ್ಮ ಜಗಳ. ಅವರು ಪಲ್ಲವರ ಕಡೆ, ನಾನು ಚಾಲುಕ್ಯರ ಕಡೆ. ಹೆಂಡತಿ ಹೋದ ಮೇಲೆ ತಾನು ಇಷ್ಟು ಮಾತಾಡಿದ್ದೇ ಇಲ್ಲ ಎಂದು ಒಮ್ಮೆ ಹೇಳಿದರು. ನಾನೂ ಹಾಗೇ ಎನ್ನುವ ಬದಲು ಮತ್ತೆ ಪುಲಕೇಶಿಯ ಮಾತೆತ್ತಿದೆ.

ನಿರ್ಬಂಧ ಸಡಿಲವಾದ ಮೇಲೆ ಲಿಫ್ಟಿನಲ್ಲಿ ಮಾಸ್ಕ್ ಹಾಕಿದ ಹಿರಿಯರೊಬ್ಬರು ಸಿಕ್ಕರು. "ಮಕಾನ್ ಆಯ್ತಾ, ಟೀಚರ್?" ಎಂದು ಊಟದ ವಿಚಾರ ಕೇಳಿದಾಗಲೇ ಅವರೆಂದು ಗೊತ್ತಾದದ್ದು.

"ಆಯ್ತು ಅಂಕಲ್," ಎಂದೆ. ಅಡ್ಡಗೋಡೆಯಿಲ್ಲದೆ ನಾವು ಎದುರೆದುರಾದದ್ದು ಅದೇ ಮೊದಲು. ನೆಲ ನೋಡುತ್ತ ನಿಂತೆವು. ಆ ಸಂಕೋಚ ಬಾಲ್ಕನಿಗೂ ಬಂತು. ಜಗಳ ಅಲ್ಲಿಗೇ ನಿಂತಿತು.

ಪಲ್ಲವರೂ ಚಾಲುಕ್ಯರೂ ತಲೆಮಾರುಗಟ್ಟಲೆ ಕಾದಾಡಿದ್ದು, ಬಹುಶಃ ಒಂದೇ ಲಿಫ್ಟಿನಲ್ಲಿ ಇಳಿಯುವ ಪ್ರಸಂಗ ಬಾರದೆ ಇದ್ದದ್ದರಿಂದಲೇ ಇರಬೇಕು.