ಅಪ್ಪನ ಪೆನ್ನಿನ ಮುಚ್ಚಳ

ಇವತ್ತು ಬ್ಯಾಂಕಿನಲ್ಲಿ ಒಬ್ಬ ಹುಡುಗಿ ಪೆನ್ನು ಕೇಳಿದಳು. ಮುಚ್ಚಳ ತೆಗೆದು ಕೈಯಲ್ಲೇ ಇಟ್ಟುಕೊಂಡು ಪೆನ್ನು ಕೊಟ್ಟೆ.

ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದ ನಮ್ಮಪ್ಪನ ಅಭ್ಯಾಸ ಅದು. ಅವರ ಬಳಿ ಚಿನ್ನದ ನಿಬ್ಬಿನ ವಿಲಾಯಿತಿ ಪೆನ್ನಿತ್ತು. ಯಾರಿಗೆ ಕೊಟ್ಟರೂ ಮುಚ್ಚಳ ಮಾತ್ರ ಅವರ ಮುಷ್ಟಿಯಲ್ಲೇ. ಮುಚ್ಚಳವಿಲ್ಲದ ಪೆನ್ನನ್ನು ಯಾರೂ ಜೇಬಿಗೆ ಹಾಕಿಕೊಳ್ಳುವುದಿಲ್ಲವಲ್ಲ!

ಒಮ್ಮೆ ಸಹಿಗೆಂದು ಪೆನ್ನು ಪಡೆದ ತಾಲ್ಲೂಕಿನ ಅಮಲ್ದಾರರು, "ನನ್ನ ಮೇಲೂ ನಂಬಿಕೆ ಇಲ್ವಾ ಮೇಷ್ಟ್ರೇ?" ಎಂದು ನಕ್ಕರು.

"ನಿಮ್ಮ ಮೇಲಿದೆ ಸ್ವಾಮಿ, ಮರೆವಿನ ಮೇಲಿಲ್ಲ" ಎಂದರು ಅಪ್ಪ.

ನಾನು ಪರೀಕ್ಷೆಗೆಂದು ಕೋಲಾರಕ್ಕೆ ಹೊರಟ ಬೆಳಿಗ್ಗೆ ಅವರು ಶಾಯಿ ತುಂಬಿ, ಪಂಚೆಯ ಅಂಚಿಗೆ ನಿಬ್ಬು ಒರೆಸಿ, ಆ ಪೆನ್ನನ್ನು ನನ್ನ ಕೈಗಿಟ್ಟರು. ನಾನು ಮುಚ್ಚಳ ತೆಗೆದು ಅವರತ್ತ ಚಾಚಿದೆ.

"ಅದೂ ನಿಂದೇ ಕಣಮ್ಮ, ಇಟ್ಕೋ."

ಬ್ಯಾಂಕಿನ ಹುಡುಗಿ ಬರೆದು ಮುಗಿಸಿ, "ಮುಚ್ಚಳ ಕೊಡಿ ಅಜ್ಜಿ, ಹಾಕ್ಕೊಡ್ತೀನಿ" ಎಂದಳು.

ಕೊಡಲಿಲ್ಲ. ನಾನೇ ಹಾಕಿಕೊಂಡೆ.