ತಿರುನಾರಾಯಣ ಮೇಷ್ಟ್ರು ಎಣಿಸಿಟ್ಟ ಕಾಗದ

ಹೊಳೆನರಸೀಪುರದ ಗಣಿತದ ಮೇಷ್ಟ್ರು ತಿರುನಾರಾಯಣ 1997ರಲ್ಲಿ ನಿವೃತ್ತರಾದ ವಾರವೇ ಅವರ ಮನೆಯ ಪೆಟ್ಟಿಗೆಗೆ ಗೆದ್ದಲು ಹತ್ತಿ, ಮೂರು ತಲೆಮಾರಿನ ಕಾಗದಪತ್ರ ಮಣ್ಣಾಯಿತು. ಬೇರೆಯವರಾಗಿದ್ದರೆ ಹೊಸ ಪೆಟ್ಟಿಗೆ ಕೊಳ್ಳುತ್ತಿದ್ದರು. ಮೇಷ್ಟ್ರು ಪೆಟ್ಟಿಗೆಯನ್ನೇ ನಂಬುವುದು ಬಿಟ್ಟರು.

"ಕಾಗದ ಎಲ್ಲಿದೆ ಅನ್ನೋದು ಮುಖ್ಯ ಅಲ್ಲ, ಅದರೊಳಗೆ ಏನಿದೆ ಅನ್ನೋದು ಮುಖ್ಯ" ಎಂದು ಹೊಸ ಪದ್ಧತಿ ಹೂಡಿದರು. ಅಕ್ಷರಗಳನ್ನು ಎಣಿಸಿ ಸಾಲುಗಳ ಸಂಖ್ಯೆಯಿಂದ ಗುಣಿಸಿದರೆ ಬರುವ ಸಂಖ್ಯೆಯೇ ಆ ಕಾಗದದ ಹೆಸರು. ಊರವರ ಕಾಗದಗಳಿಗೆಲ್ಲ ಹೀಗೆ ಹೆಸರಿಟ್ಟು, ನಕಲು ಮಾಡಿ, ಅಸಲನ್ನೂ ನಕಲುಗಳನ್ನೂ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ನೆಂಟರ ಮನೆಗಳಿಗೆ ಹಂಚಿದರು. ಯಾವುದು ಎಲ್ಲಿದೆ ಎಂದು ಬರೆದಿಡಲೇ ಇಲ್ಲ, ಅದೊಂದು ಹೆಮ್ಮೆ ಬೇರೆ! ಜೇಬಿನ ಚೀಟಿಯಲ್ಲಿ 'ಹಳೇಕೋಟೆ, 1870' ಎಂದಿದ್ದರೆ 1870 ಯಾರಲ್ಲಿದೆ ಎಂದು ಮನೆಮನೆ ಕೇಳಬೇಕು. 1870 ಎಂಬುದು ಆ ಊರವರ ಪಟ್ಟಿ, ಅದರಲ್ಲಿ 'ಜಯಲಕ್ಷ್ಮಮ್ಮ, 966'. 966ರಲ್ಲಿ 'ಗಂಡನ ಕಾಗದ, 2332'.

ಹಳೇಕೋಟೆಯ ಜಯಲಕ್ಷ್ಮಮ್ಮನಿಗೆ ಓದು ಬಾರದು. ಗಂಡ ಆಸ್ಪತ್ರೆಯಿಂದ, ಬೇರೆಯವರ ಕೈಲಿ ಬರೆಸದೆ, ತಾನೇ ಬರೆದ ಕೊನೆಯ ಕಾಗದವನ್ನು ವರ್ಷಕ್ಕೊಮ್ಮೆ, ಅವರಿಗೆ ಎಡೆ ಇಡುವ ಹಿಂದಿನ ದಿನ, ಮೇಷ್ಟ್ರಿಂದ ಓದಿಸಿಕೊಳ್ಳುತ್ತಿದ್ದರು. 2004ರಲ್ಲಿ ಅರಕಲಗೂಡಿನ ಇಲಿಗಳು ಅಸಲನ್ನೇ ತಿಂದುಬಿಟ್ಟಿದ್ದವು. ಹಾಸನದ ನಕಲು ಮಳೆಯಲ್ಲಿ ನೆನೆದು ಮುದ್ದೆಯಾಗಿತ್ತು.

"ಅವರ್ ಮಾತ್ ಕೇಳ್ದಲೆ ಎಂಗ್ ಎಡೆ ಇಡ್ಲಿ ಮೇಷ್ಟ್ರೇ?" ಎಂದು ಮೇಷ್ಟ್ರ ಜೊತೆ ಆಕೆಯೂ ಬಸ್ಸು ಹತ್ತಿದರು. ಉಳಿದದ್ದು ಚನ್ನರಾಯಪಟ್ಟಣದಲ್ಲಿ ಮೇಷ್ಟ್ರ ಅಕ್ಕ ಶ್ರೀರಂಗಮ್ಮನ ಮನೆ ಒಂದೇ.

"2332 ಇಲ್ವಲ್ಲೋ ನಾರಾಯಣ. 2556 ಇದೆ, ಬೇಕಾ?"

"ಅದು ಬೇರೆ ಕಾಗದ ಅಕ್ಕ."

"ಯಾರೋ ಹೆಂಡ್ತಿಗೆ ಎಮ್ಮೆ ವಿಷಯ ಬರ್ದಿದಾರಪ್ಪ."

ಜಯಲಕ್ಷ್ಮಮ್ಮ ನೆಟ್ಟಗೆ ಕೂತರು. "ಎಮ್ಮೇನಾ? ಓದಿ ಮೇಷ್ಟ್ರೇ."

ಸಂಖ್ಯೆ ತಾಳೆಯಾಗದ ಕಾಗದ ಓದುವುದು ಮೇಷ್ಟ್ರಿಗೆ ಎಂಜಲು ಉಂಡಷ್ಟೇ ಕಷ್ಟ. ಆದರೂ ಓದಿದರು. "ಶ್ರೀ. ಜಯಾ, ನಾನು..."

"ನಿಲ್ಸಿ. ಇದು ಅವರ್ದಲ್ಲ." ಆಕೆಯ ದನಿ ಗಟ್ಟಿಯಾಗಿತ್ತು. "ದೊಡ್ ಮಗ ತೀರ್ಕಂಡ್ ಮ್ಯಾಕೆ ಅವರು ಒಂದ್ ಕಾಗ್ದಕ್ಕೂ ಶ್ರೀ ಅಂತ ಬರೀಲಿಲ್ಲ. ದೇವರ್ ಮ್ಯಾಲ್ ಅಷ್ಟ್ ಸಿಟ್ಟು."

ಒಂದಕ್ಷರ ಹೆಚ್ಚಾದರೂ ಅದು ಬೇರೆ ಕಾಗದ ಎಂಬ ತಮ್ಮ ಪದ್ಧತಿ ಏಳು ವರ್ಷದಲ್ಲಿ ಅರ್ಥವಾದದ್ದು ಈಕೆಯೊಬ್ಬರಿಗೇ ಎಂದು ಮೇಷ್ಟ್ರಿಗೆ ಖುಷಿಯಾಯಿತು. ಆಕೆಯ ಮುಖ ನೋಡಿ ನಾಚಿಕೆಯೂ ಆಯಿತು.

ಶ್ರೀರಂಗಮ್ಮ ನಾಲಿಗೆ ಕಚ್ಚಿಕೊಂಡರು. "ಆ ಶ್ರೀ ನಾನೇ ಬರೆದದ್ದು ಕಣೋ. ತಲೇಲಿ ಶ್ರೀ ಇಲ್ಲದ ಕಾಗದ ಮನೇಲಿ ಹೇಗೆ ಇಟ್ಕೊಳ್ಳೋದು? ಆಮೇಲೆ ನೀನು ಹೇಳಿಕೊಟ್ಟ ಹಾಗೇ ಎಣಿಸಿ ಹೊಸ ಸಂಖ್ಯೆ ಹಾಕಿದೆ."

ಮೇಷ್ಟ್ರು ಶ್ರೀ ಇದ್ದ ಮೊದಲ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ಎಣಿಸಿದರು. ಇನ್ನೂರ ಹನ್ನೆರಡು ಅಕ್ಷರ, ಹನ್ನೊಂದು ಸಾಲು. ಸರಿಯಾಗಿ 2332. ಬೆರಳು ಹಾಗೇ ಇಟ್ಟು ಓದಿದರು.

"ಜಯಾ, ನಾನು ಚೆನ್ನಾಗಿದ್ದೇನೆ. ಎಮ್ಮೆಗೆ ಹಿಂಡಿ ಹಾಕು. ನನಗೆ ಅಂತ ಕಾಯಬೇಡ, ಹೊತ್ತಿಗೆ ಸರಿಯಾಗಿ ಉಣ್ಣು..."

ಜಯಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇವ್ರೇ ಕಣಿ ಮೇಷ್ಟ್ರೇ. ಬೆರಳ್ ತೆಗೀಬ್ಯಾಡಿ. ಇನ್ನೊಂದ್ ಸಲ ಓದಿ."